ಕ್ರಾಂತಿಯ ಮಾತು ಕನ್ನಡ ಸಾಲಿಗ್ಯಾಕ ಅಂತೀರಾ?



ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಒಂದು ಮಾತು ಬಹಳ ದಿನದಿಂದ ಚಾಲ್ತಿಯಲ್ಲಿದೆ. ಜ್ಯೋತಿಬಾ ಫುಲೆ, ಬಾಬಾಸಾಹೇಬ ಅಂಬೇಡ್ಕರ್ ಅವರ ಫೋಟೋಕ್ಕೆ ವರ್ಷಕ್ಕೊಮ್ಮೆ ಹಾರ ಹಾಕಿದರೆ ಶಾಲೆಯ ಕೆಲಸ ಮುಗಿಯಿತು. ಅವರು ಬರೆದದ್ದನ್ನು ಓದಿಸೋಣ, ಜೊತೆಗೆ ಆಫ್ರಿಕಾದವರು, ಬ್ರೆಜಿಲ್‌ನವರು ತಮ್ಮ ಗುಲಾಮಗಿರಿಯ ಬಗ್ಗೆ ಏನು ವಿಚಾರ ಮಾಡಿದರು ಅದನ್ನೂ ಹುಡುಗರ ಮುಂದೆ ಇಡೋಣ ಅಂದರೆ ಉತ್ತರ ತಯಾರಿರುತ್ತದೆ: "ಗುರುಜಿ, ಅದೆಲ್ಲಾ ಪುಣೆ-ಮುಂಬಯಿ ಯುನಿವರ್ಸಿಟಿ ಮಂದಿ ಕೆಲಸ. ನಮ್ಮ ಹುಡುಗರಿಗಿ ದಹಾವಿ ಪಾಸ್ ಆಗೂದಷ್ಟ ಕಲಿಸ್ರಿ."

ಹೀಗೆ ಹೇಳುವವರು ಕೆಟ್ಟವರಲ್ಲ. ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಮಾತು ತಪ್ಪು. ಬರೀ ತಪ್ಪಲ್ಲ, ನಮ್ಮ ಶಾಲೆಗಳನ್ನು ಒಳಗಿನಿಂದ ಖಾಲಿ ಮಾಡುತ್ತಿರುವ ಮಾತು. ಬಡ ದೇಶಗಳ ಕ್ರಾಂತಿಕಾರಿ ವಿಚಾರವನ್ನು ಓದುವ ಗರಜು ಯಾರಿಗಾದರೂ ಇದ್ದರೆ ಅದು ಮೊದಲು ನಮಗೆ, ಅಂದರೆ ಕುರನೂರಿನಂಥ ಊರುಗಳ ಆಸುಪಾಸಿನ ಕನ್ನಡ ಮಾಧ್ಯಮದ ಶಾಲೆಗಳಿಗೆ ಇದೆ ಎಂಬುದು ನಮ್ಮ ವಾದ. ಯಾಕೆ ಅಂತ ಹೇಳುತ್ತೇವೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ನಮ್ಮ ಮನೆಯ ಮಾತು. ಪ್ರತಿ ಜೂನ್ ತಿಂಗಳಲ್ಲಿ ನಾವು ಶಿಕ್ಷಕರು ಮನೆ ಮನೆ ತಿರುಗುತ್ತೇವೆ. ಒಬ್ಬ ತಂದೆ ಕೇಳುತ್ತಾನೆ, "ಕನ್ನಡ ಕಲ್ತು ಮುಂದ ಏನ್ ಮಾಡ್ತಾನ್ರಿ?" ನಾವು ಏನು ಹೇಳುತ್ತೇವೆ? ಕನ್ನಡ ನಮ್ಮ ತಾಯಿ ಅನ್ನುತ್ತೇವೆ. ಎಂಟು ಜ್ಞಾನಪೀಠ ಅನ್ನುತ್ತೇವೆ. ಬಸವಣ್ಣನ ಭಾಷೆ ಅನ್ನುತ್ತೇವೆ. ಆತ ತಲೆ ಅಲ್ಲಾಡಿಸುತ್ತಾನೆ, ಚಹಾ ಕೊಡುತ್ತಾನೆ, ಮಾರನೆಯ ದಿನ ಮಗನನ್ನು ಇಂಗ್ಲಿಷ್ ಶಾಲೆಯ ಹಳದಿ ಬಸ್ಸಿಗೆ ಹತ್ತಿಸುತ್ತಾನೆ! ನಾವು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಒಂದೂ ಅವನ ಪ್ರಶ್ನೆಗೆ ಉತ್ತರವಲ್ಲ. ಆತ ಕೇಳಿದ್ದು ಅನ್ನದ ಪ್ರಶ್ನೆ, ಅಧಿಕಾರದ ಪ್ರಶ್ನೆ. ನಾವು ಕೊಟ್ಟದ್ದು ಅಭಿಮಾನದ ಉತ್ತರ.

ಇದೇ ಪ್ರಶ್ನೆಯನ್ನು ನಮ್ಮಂಥದೇ ಊರುಗಳಲ್ಲಿ, ನಮಗಿಂತ ಕಷ್ಟದಲ್ಲಿದ್ದ ಜನ ಕೇಳಿಕೊಂಡಿದ್ದಾರೆ. ಜೈಲಿಗೆ ಹೋಗಿ ಕೂತು ಉತ್ತರ ಹುಡುಕಿದ್ದಾರೆ. ಆ ಉತ್ತರಗಳನ್ನು ಓದದೆ ನಾವು ಯಾವ ಬಲದ ಮೇಲೆ ಕನ್ನಡ ಶಾಲೆ ಉಳಿಸುತ್ತೇವೆ?

ಕೀನ್ಯಾದ ಗೂಗಿ ವಾ ಥಿಯಾಂಗೊ ಅವರನ್ನೇ ತೆಗೆದುಕೊಳ್ಳಿ. 2025ರ ಮೇ 28ರಂದು ತೀರಿಕೊಂಡರು. ಅವರ ತಾಯಿನುಡಿ ಗಿಕುಯು. 1952ರಲ್ಲಿ ಬ್ರಿಟಿಷರು ಅಲ್ಲಿ ತುರ್ತು ಪರಿಸ್ಥಿತಿ ಹೇರಿದ ಮೇಲೆ ಊರವರ ಶಾಲೆಗಳು ಸರಕಾರದ ಕೈಗೆ ಹೋದವು, ಇಂಗ್ಲಿಷ್ ಬಂತು. ಶಾಲೆಯ ಆವರಣದಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದ ಹುಡುಗನಿಗೆ ಬೆತ್ತದ ಏಟು. ಇಲ್ಲವೆ 'ನಾನು ಕತ್ತೆ' ಎಂದು ಬರೆದ ಫಲಕ ಕೊರಳಿಗೆ. ಜೊತೆಯ ಹುಡುಗರನ್ನೇ ಬೇಹುಗಾರರನ್ನಾಗಿ ಮಾಡುವ ವ್ಯವಸ್ಥೆ. ಓದುತ್ತ ಹೋದಂತೆ ನಮ್ಮ ಕಡೆಯ ಎಷ್ಟು ಶಾಲೆಗಳ ನೆನಪಾಗುತ್ತದೆ ನೋಡಿ. ಕನ್ನಡ ಬಾಯಿಂದ ಬಂದರೆ ಹತ್ತು ರೂಪಾಯಿ ದಂಡ ಅನ್ನುವ ಶಾಲೆಗೆ ಫೀ ಕಟ್ಟಿ ಕಳಿಸುವವರು ನಾವೇ ಅಲ್ಲವೆ?

ಗೂಗಿ ಇಂಗ್ಲಿಷಿನಲ್ಲಿ ಬರೆದು ಜಗತ್ತಿನಲ್ಲಿ ಹೆಸರು ಮಾಡಿದ್ದ ಲೇಖಕ. ಆಗ ಸರಕಾರ ಅವರನ್ನು ಮುಟ್ಟಲಿಲ್ಲ. 1977ರಲ್ಲಿ ಕಮಿರೀಥು ಎಂಬ ಹಳ್ಳಿಯ ರೈತರು, ಕೂಲಿಕಾರರು ಸೇರಿ ಆಡಿದ ಒಂದು ನಾಟಕವನ್ನು ಗಿಕುಯು ಭಾಷೆಯಲ್ಲಿ ಜೊತೆಗಾರನೊಂದಿಗೆ ಬರೆದರು ನೋಡಿ, ನಾಟಕ ನಿಂತಿತು, ವರ್ಷ ಮುಗಿಯುವ ಹೊತ್ತಿಗೆ ಲೇಖಕರು ಜೈಲಿನಲ್ಲಿದ್ದರು. ನೆನಪಿರಲಿ, ಜೈಲಿಗೆ ಹಾಕಿದ್ದು ಬಿಳಿಯರ ಸರಕಾರವಲ್ಲ, ಸ್ವತಂತ್ರ ಕೀನ್ಯಾದ ಸ್ವಂತ ಸರಕಾರ. ಅಲ್ಲಿ ಶೌಚದ ಕಾಗದದ ಮೇಲೆ ಗಿಕುಯು ಭಾಷೆಯಲ್ಲೇ ಒಂದು ಕಾದಂಬರಿ ಬರೆದರು. ಇದರಿಂದ ನಮಗೆ ಸಿಗುವ ಪಾಠ ಏನು? ಹೊಲದಲ್ಲಿ ದುಡಿಯುವವನಿಗೆ ತಿಳಿಯುವ ಭಾಷೆಯಲ್ಲಿ ವಿಚಾರ ಶುರುವಾದರೆ ಮಾತ್ರ ಅಧಿಕಾರದಲ್ಲಿ ಕೂತವರಿಗೆ ನಡುಕ ಬರುತ್ತದೆ. ಭಾಷೆಯ ಪ್ರಶ್ನೆ ಯಾರು ಯಾರನ್ನು ಆಳಬೇಕು ಎಂಬ ಪ್ರಶ್ನೆ. ಕನ್ನಡ ತಾಯಿ ಎಂಬ ಮಾತು ಅದರ ಒಂದು ತುದಿ ಅಷ್ಟೇ.

ಇನ್ನೊಬ್ಬರು ಫ್ರಾಂಟ್ಜ್ ಫ್ಯಾನನ್. ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ 1925ರಲ್ಲಿ ಹುಟ್ಟಿ, ಅಲ್ಜೀರಿಯಾದಲ್ಲಿ ಮನೋವೈದ್ಯರಾಗಿ ದುಡಿದು, ಅಲ್ಲಿನ ಸ್ವಾತಂತ್ರ್ಯ ಹೋರಾಟ ಸೇರಿ 1961ರಲ್ಲಿ ಮೂವತ್ತಾರನೆಯ ವಯಸ್ಸಿಗೇ ತೀರಿಕೊಂಡವರು. 1952ರ ಅವರ ಮೊದಲ ಪುಸ್ತಕದ ಮೊದಲ ಅಧ್ಯಾಯವೇ ಭಾಷೆಯ ಬಗ್ಗೆ. ಫ್ರಾನ್ಸಿಗೆ ಹೋಗಿ ಬಂದ ದ್ವೀಪದ ಹುಡುಗ ಊರಿಗಿಳಿದ ಕೂಡಲೆ ತನ್ನ ಊರಿನ ಮಾತು ಮರೆತವನಂತೆ ನಡೆದುಕೊಳ್ಳುತ್ತಾನೆ. ಅವನು ಸೊಕ್ಕಿನಿಂದ ಹಾಗೆ ಮಾಡುವುದಿಲ್ಲ, ಒಳಗೆ ಕೂತ ಕೀಳರಿಮೆಯಿಂದ ಮಾಡುತ್ತಾನೆ ಎಂದು ಫ್ಯಾನನ್ ಬಿಡಿಸಿ ತೋರಿಸುತ್ತಾರೆ. ನಾಲ್ಕು ವರ್ಷ ಪುಣೆಯಲ್ಲಿ ಕಂಪನಿ ಕೆಲಸ ಮಾಡಿ ಬಂದವನು ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಸ್ವಂತ ಸೋದರಮಾವನಿಗೆ ಮರಾಠಿಯಲ್ಲಿ ಉತ್ತರ ಕೊಡುವುದನ್ನು ನೋಡಿದ್ದೀರಲ್ಲ? ಅವನನ್ನು ಬಯ್ದರೆ ಏನೂ ಆಗುವುದಿಲ್ಲ. ಅವನಿಗೆ ಆ ನಾಚಿಕೆ ಎಲ್ಲಿಂದ ಬಂತು ಎಂದು ತಿಳಿಸಿ ಹೇಳುವ ಪುಸ್ತಕ ಜಗತ್ತಿನಲ್ಲಿ ಇದೆ. ಅದು ಅವನ ಕೈಗೆ ಸಿಗಲಿಲ್ಲ, ಅಷ್ಟೇ.

ಇನ್ನು ನಮ್ಮ ಕಸುಬಿನ ಮಾತಿಗೆ ಬರೋಣ, ಕಲಿಸುವ ಮಾತಿಗೆ. ಬ್ರೆಜಿಲ್ ದೇಶದ ಪಾವ್ಲೊ ಫ್ರೇರೆ 1963ರಲ್ಲಿ ಅಂಜಿಕೋಸ್ ಎಂಬ ಬಡ ಊರಿನಲ್ಲಿ ಸುಮಾರು 300 ಜನ ದುಡಿಯುವವರಿಗೆ 40 ತಾಸಿನ ಪಾಠದಲ್ಲಿ ಓದು ಬರಹ ಕಲಿಸಿದರು. ಹೇಗೆ? ಅವರದೇ ಬದುಕಿನ ಶಬ್ದಗಳಿಂದ. ಇಟ್ಟಿಗೆ, ಸಂಬಳ, ಹೊಲ ಇಂಥ ಶಬ್ದಗಳು. ಮೊದಲು ಚಿತ್ರ ತೋರಿಸಿ ಮಾತು. ಈ ಇಟ್ಟಿಗೆ ಮಾಡಿದವರು ಯಾರು, ಮನೆ ಯಾರದು? ಮಾತಾದ ಮೇಲೆ ಆ ಶಬ್ದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಪ್ರತಿ ಅಕ್ಷರದ ಸ್ವರಗಳ ಸಾಲು ಹೇಳಿಸಿ, ಅದರಿಂದ ಹೊಸ ಶಬ್ದ ಕಟ್ಟಿಸುವುದು. ಓದಿದಾಗ ನಮಗೆ ನಗು ಬಂತು. ಇದು ನಮ್ಮ ಕಾಗುಣಿತವೇ! ಕ ಕಾ ಕಿ ಕೀ! ವ್ಯತ್ಯಾಸ ಒಂದೇ. ನಾವು ಕಾಗುಣಿತದಿಂದ ಶುರು ಮಾಡಿ ಅಲ್ಲೇ ಮುಗಿಸುತ್ತೇವೆ. ಫ್ರೇರೆ ಬದುಕಿನಿಂದ ಶುರು ಮಾಡಿ ಕಾಗುಣಿತಕ್ಕೆ ಬರುತ್ತಾರೆ. ಮರುವರ್ಷ, 1964ರಲ್ಲಿ, ಸೈನ್ಯ ಅಧಿಕಾರ ಹಿಡಿಯಿತು. ಅಕ್ಷರ ಕಲಿಸಿದ ಮಾಸ್ತರನನ್ನು ಎಪ್ಪತ್ತು ದಿನ ಜೈಲಿನಲ್ಲಿಟ್ಟಿತು, ಆಮೇಲೆ ಆತ ದೇಶ ಬಿಡಬೇಕಾಯಿತು. ಅಕ್ಷರ ಎಂದರೆ ಅಷ್ಟು ಅಪಾಯದ ವಸ್ತು ಎಂದು ಸೈನ್ಯಕ್ಕೆ ಗೊತ್ತಿತ್ತು. ನಮಗೇ ಗೊತ್ತಿಲ್ಲ.

ನಮ್ಮ ಸೀಮೆಯ ಹುಡುಗರಿಗೆ ಕಬ್ಬು ಗೊತ್ತು. ದೀಪಾವಳಿ ಸುಮಾರಿಗೆ ಟೋಳಿಯ ಜೊತೆ ಅಪ್ಪ-ಅವ್ವ ಕಬ್ಬು ಕಡಿಯಲು ಹೊರಟಾಗ ಶಾಲೆಯಲ್ಲಿ ಯಾವ ಮಗುವಿನ ಜಾಗ ಖಾಲಿಯಾಗುತ್ತದೆ ಎಂಬುದು ಪ್ರತಿಯೊಬ್ಬ ಶಿಕ್ಷಕರಿಗೂ ಗೊತ್ತು. ಗಂಡ ಹೆಂಡತಿ ಸೇರಿದರೆ ಒಂದು 'ಕೊಯ್ತಾ'. ಮನುಷ್ಯರಿಬ್ಬರ ಲೆಕ್ಕ ಕುಡುಗೋಲಿನ ಹೆಸರಿನಲ್ಲಿ! ಮುಕಾದಮನಿಂದ ಮುಂಗಡ ತೆಗೆದುಕೊಂಡರೆ ಅದು 'ಉಚಲ್'. ಈ ಎರಡು ಶಬ್ದ ಫಳಿಯ ಮೇಲೆ ಬರೆದು ಏಳನೆಯ ತರಗತಿಯಲ್ಲಿ ಒಂದು ತಾಸು ಮಾತಾಡಿಸಿ ನೋಡಿ. ಗಣಿತ ಬರುತ್ತದೆ, ಭಾಷೆ ಬರುತ್ತದೆ, ನಾಗರಿಕಶಾಸ್ತ್ರ ಬರುತ್ತದೆ. ಉಚಲ್ ತೀರದಿದ್ದರೆ ಮುಂದಿನ ವರ್ಷ ಏನಾಗುತ್ತದೆ ಎಂಬುದನ್ನು ಹಿಂದಿನ ಬೆಂಚಿನ ಹುಡುಗ ನಮಗಿಂತ ಚೆನ್ನಾಗಿ ಹೇಳುತ್ತಾನೆ. ಇದಕ್ಕೆ ಯಾವ ಯುನಿವರ್ಸಿಟಿಯೂ ಬೇಕಿಲ್ಲ. ಈ ತಾಸು ಕನ್ನಡದಲ್ಲಿ ಮಾತ್ರ ಸಾಧ್ಯ. ಮನೆಯ ಮಾತು ಶಾಲೆಯ ಮಾತೂ ಆಗಿರುವುದರಿಂದಲೇ ಸಾಧ್ಯ. ಆ ತಂದೆಯ ಪ್ರಶ್ನೆಗೆ ನಮ್ಮ ಮೊದಲ ನಿಜವಾದ ಉತ್ತರ ಇದು: ನಿನ್ನ ಮಗ ಇಲ್ಲಿ ನಿನ್ನ ಲೆಕ್ಕವನ್ನು ಓದಲು ಕಲಿಯುತ್ತಾನೆ.

ಆದರೆ ಗೆಳೆಯರೇ, ಓದುವುದು ಅಂದರೆ ಪೂಜೆಯಲ್ಲ. ಈ ಲೇಖಕರನ್ನು ನಮಗೆ ಅನುಕೂಲವಾದಷ್ಟು ಮಾತ್ರ ಓದಿದರೆ ಅದೂ ಇನ್ನೊಂದು ಜಯಂತಿಯೇ ಆಗುತ್ತದೆ. ಹಾಗಾಗಿ ಕಹಿ ಭಾಗವನ್ನೂ ಹೇಳುತ್ತೇವೆ.

ತಾಂಜಾನಿಯಾದ ಜೂಲಿಯಸ್ ನೈರೇರೆ ರಾಷ್ಟ್ರಾಧ್ಯಕ್ಷರಾಗುವ ಮುಂಚೆ ಶಿಕ್ಷಕರು. ಜನ ಕೊನೆಯವರೆಗೂ ಅವರನ್ನು 'ಮ್ವಾಲಿಮು' ಅಂದರೆ 'ಮಾಸ್ತರ' ಎಂದೇ ಕರೆದರು. ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ತಾವೇ ಸ್ವಾಹಿಲಿಗೆ ತಂದರು. 1967ರಲ್ಲಿ ಸ್ವಾವಲಂಬನೆಗಾಗಿ ಶಿಕ್ಷಣ ಎಂಬ ನೀತಿ ಪ್ರಕಟಿಸಿದರು. ಹಳ್ಳಿಯ ಶಾಲೆ ಮಕ್ಕಳನ್ನು ಹಳ್ಳಿಯಿಂದ ಓಡಿಸುವ ಯಂತ್ರವಾಗಬಾರದು, ಎಲ್ಲೋ ನೂರಕ್ಕೆ ಕೆಲವರು ಮೇಲೆ ಹೋಗಲಿ ಎಂದು ಉಳಿದವರೆಲ್ಲ ನಪಾಸಾಗುವ ಶಿಕ್ಷಣ ಬೇಡ ಎಂಬುದು ಅದರ ಸಾರ. ಪ್ರಾಥಮಿಕ ಶಾಲೆ ಪೂರ್ತಿ ಸ್ವಾಹಿಲಿಯಲ್ಲಿ ನಡೆಯಿತು. ಚಲೋ ಆಯಿತಲ್ಲ? ಪೂರ್ತಿ ಆಗಲಿಲ್ಲ. ಮಾಧ್ಯಮಿಕ ಶಾಲೆ ಇಂಗ್ಲಿಷಿನಲ್ಲೇ ಉಳಿಯಿತು. ಏಳು ವರ್ಷ ಸ್ವಾಹಿಲಿಯಲ್ಲಿ ಓದಿದ ಮಗು ಎಂಟನೆಯ ವರ್ಷ ಗೋಡೆಗೆ ಹಣೆ ಹೊಡೆದುಕೊಂಡಿತು. ದಶಕಗಳ ಕಾಲ ಹಾಗೇ ನಡೆಯಿತು.

ಈ ಗೋಡೆ ಯಾರಿಗೆ ಗೊತ್ತಿಲ್ಲ? ನಮ್ಮ ಹುಡುಗ ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ವಿಜ್ಞಾನ ಓದಿ ದಹಾವಿ ಮುಗಿಸುತ್ತಾನೆ. ಮುಂದೆ ಸೋಲಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಇಲ್ಲವೆ ಮರಾಠಿ. 'ದ್ಯುತಿಸಂಶ್ಲೇಷಣೆ' ಎಂದು ಕಲಿತವನು ಎಲ್ಲರ ಮುಂದೆ ಮೂಕನಾಗುತ್ತಾನೆ. ನೈರೇರೆಯವರ ಕತೆ ಓದಿದರೆ ತಿಳಿಯುತ್ತದೆ, ತಾಯಿನುಡಿಯ ಶಾಲೆಯನ್ನು ಕೆಳಗೆ ಮಾತ್ರ ಕಟ್ಟಿ ಮೇಲೆ ಕಟ್ಟದಿದ್ದರೆ ಅದು ಏಣಿಯಾಗುವುದಿಲ್ಲ, ಬಡವರ ಮಕ್ಕಳನ್ನು ಕೂಡಿಹಾಕುವ ದೊಡ್ಡಿಯಾಗುತ್ತದೆ. ಇದನ್ನು ಒಪ್ಪದೆ "ಕನ್ನಡ ಉಳಿಸಿ" ಎಂದು ಕೂಗುವುದು ಆ ತಂದೆಗೆ ಮಾಡುವ ಮೋಸ. ನಾವು ಕೇಳಬೇಕಾದ್ದು ಇಷ್ಟು: ಕಿರಿಯ ಕಾಲೇಜಿನವರೆಗೆ ಕನ್ನಡ ಬೇಕು, ದಾಟುವ ಎರಡು ವರ್ಷ ಎರಡೂ ಭಾಷೆಯ ಪುಸ್ತಕ ಬೇಕು, ಐದನೆಯ ತರಗತಿಯಿಂದಲೇ ಇಂಗ್ಲಿಷನ್ನು ಭಾಷೆಯಾಗಿ ಗಟ್ಟಿಯಾಗಿ ಕಲಿಸುವ ಶಿಕ್ಷಕರು ಬೇಕು.

ಇನ್ನೂ ಕಹಿ ಇದೆ. ಆಫ್ರಿಕಾದ ಎಲ್ಲರೂ ಗೂಗಿಯವರನ್ನು ಒಪ್ಪಲಿಲ್ಲ. ನೈಜೀರಿಯಾದ ಚಿನುವಾ ಅಚೆಬೆ, ಇಂಗ್ಲಿಷ್ ನನ್ನ ಕೈಗೆ ಬಂದಿದೆ, ಅದನ್ನು ನನಗೆ ಬೇಕಾದಂತೆ ಬಗ್ಗಿಸಿ ಬಳಸುತ್ತೇನೆ ಎಂಬ ನಿಲುವು ತಳೆದರು. ಗಿನಿ-ಬಿಸಾವ್ ವಿಮೋಚನೆಗಾಗಿ ಹೋರಾಡಿ 1973ರ ಜನವರಿಯಲ್ಲಿ ಕೊಲೆಯಾದ ಅಮಿಲ್ಕಾರ್ ಕಬ್ರಾಲ್, ಪೋರ್ತುಗೀಸರನ್ನು ಓಡಿಸೋಣ, ಆದರೆ ಅವರ ಭಾಷೆಯನ್ನು ಉಪಕರಣವಾಗಿ ಇಟ್ಟುಕೊಳ್ಳೋಣ ಎಂದರು. ನಮ್ಮಲ್ಲೇ ನೋಡಿ. ಸಾವಿತ್ರಿಬಾಯಿ ಫುಲೆ ಶೂದ್ರ-ಅತಿಶೂದ್ರರು ಇಂಗ್ಲಿಷ್ ಕಲಿಯಬೇಕು ಎಂದು ಹಾಡು ಕಟ್ಟಿದವರು. ಅಂಬೇಡ್ಕರ್ 1936ರಲ್ಲಿ ಜಾತಿವಿನಾಶದ ಭಾಷಣವನ್ನು ಬರೆದದ್ದು ಇಂಗ್ಲಿಷಿನಲ್ಲಿ. ತಾಯಿನುಡಿಯ ಊರಿನಲ್ಲಿ ಬಾವಿಯ ನೀರು ಮುಟ್ಟಲು ಬಿಡದವರು, ನಾಳೆ ಬಂದು ತಾಯಿನುಡಿಯ ಮಹಿಮೆ ಹೇಳಿದರೆ ದಲಿತ ಕೇರಿಯ ತಂದೆ ಯಾಕೆ ನಂಬಬೇಕು? ಈ ಪ್ರಶ್ನೆಯನ್ನು ಎದುರಿಸದ ಕನ್ನಡಾಭಿಮಾನ ನಮಗೆ ಬೇಡ. ಕನ್ನಡ ಶಾಲೆ ಎಲ್ಲರ ಶಾಲೆಯಾದರೆ ಮಾತ್ರ ಅದನ್ನು ಉಳಿಸಲು ಕೇಳುವ ಹಕ್ಕು ನಮಗಿದೆ.

ಈ ಮಾತು ಹೇಳುವಾಗ ದೂರ ಹೋಗಬೇಕಾಗಿಲ್ಲ. ಕುರನೂರ ಇರುವ ಅಕ್ಕಲಕೋಟ ತಾಲ್ಲೂಕಿನದೇ ಊರು ಹನ್ನೂರು. ಶರಣಕುಮಾರ ಲಿಂಬಾಳೆ ಹುಟ್ಟಿದ್ದು ಅಲ್ಲಿ, 1956ರಲ್ಲಿ. ಅವರ ಆತ್ಮಕತೆ 'ಅಕ್ಕರಮಾಶಿ' 1984ರಲ್ಲಿ ಬಂತು, ಕನ್ನಡಕ್ಕೂ ಅನುವಾದವಾಗಿದೆ, ದೇಶ ವಿದೇಶದಲ್ಲಿ ಓದಿದ್ದಾರೆ. ಅದರ ಆರಂಭದಲ್ಲೇ ಶಾಲೆಯ ಪ್ರವಾಸದ ಪ್ರಸಂಗವಿದೆ. ಮೇಲ್ಜಾತಿಯ ಹುಡುಗರು ಉಂಡು ಬಿಟ್ಟದ್ದನ್ನು ಮಹಾರ ಕೇರಿಯ ಮಕ್ಕಳು ತಿನ್ನುತ್ತಾರೆ. ಮಾರನೆಯ ದಿನ ಗುರುಜಿ ಪ್ರವಾಸದ ಮೇಲೆ ನಿಬಂಧ ಬರೆಯಲು ಹೇಳುತ್ತಾರೆ. ಹುಡುಗನಿಗೆ ಏನು ಬರೆಯಬೇಕೆಂದೇ ತಿಳಿಯುವುದಿಲ್ಲ. ಶಿಕ್ಷಕರಾದ ನಾವೆಲ್ಲ ಓದಲೇಬೇಕಾದ ಪುಟಗಳು ಇವು. ನಾವು ವರ್ಷಾ ವರ್ಷಾ ಕೊಡುವ 'ನನ್ನ ಪ್ರವಾಸ', 'ನನ್ನ ಹಬ್ಬ', 'ನನ್ನ ಮನೆ' ನಿಬಂಧಗಳ ಎದುರು ಯಾವ ಮಗು ಸುಮ್ಮನೆ ಕೂತಿದೆ ಎಂದು ನೋಡುವ ಕಣ್ಣು ಬರುತ್ತದೆ. ಇಷ್ಟು ಹತ್ತಿರದ ಪುಸ್ತಕ ನಮ್ಮ ಎಷ್ಟು ಕನ್ನಡ ಶಾಲೆಗಳ ಕಪಾಟಿನಲ್ಲಿದೆ? ನೀವೇ ಹೋಗಿ ಕಪಾಟು ತೆಗೆದು ನೋಡಿ.

ಇನ್ನು ಕೆಲವರ ತಕರಾರು ಬೇರೆ ಥರದ್ದು. "ನಮಗ ಬಸವಣ್ಣ ಅದಾನ, ಸಿದ್ಧರಾಮ ಅದಾನ. ಪರದೇಶದವರ ಗರಜು ಏನು?" ಒಳ್ಳೆಯ ಪ್ರಶ್ನೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೋಲಾಪುರದಲ್ಲಿ, ಕೆರೆ ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮ ಕಲ್ಯಾಣಕ್ಕೆ ಹೋದದ್ದು ಯಾತಕ್ಕೆ? ಹೊರಗಿನಿಂದ ಬಂದ ಅಲ್ಲಮ ಅವನ ಕೆಲಸವನ್ನೇ ಪ್ರಶ್ನೆ ಮಾಡಿದ್ದಕ್ಕೆ. ಕಾಶ್ಮೀರದ ಅರಸ ಮೋಳಿಗೆಯ ಮಾರಯ್ಯನಾಗಿ ಕಟ್ಟಿಗೆ ಮಾರಿದ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ದೂರದಿಂದ ಬಂದವರ ಜೊತೆ ಕೂತು ವಾದ ಮಾಡಿದ್ದೇ ಶರಣರ ದಾರಿಯಾದರೆ, ಕೀನ್ಯಾದವನು ಬಂದಾಗ ಬಾಗಿಲು ಹಾಕುವುದು ಯಾವ ಶರಣ ಧರ್ಮ?

ಫುಲೆಯವರೂ ಬಾಗಿಲು ಹಾಕಲಿಲ್ಲ. 1873ರ 'ಗುಲಾಮಗಿರಿ' ಪುಸ್ತಕವನ್ನು ಅವರು ಅರ್ಪಿಸಿದ್ದು ಕಪ್ಪು ಜನರ ಗುಲಾಮಗಿರಿ ನಿಲ್ಲಿಸಲು ದುಡಿದ ಅಮೆರಿಕದ ಜನರಿಗೆ. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅವರ ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ತರಿಸಿಕೊಳ್ಳಲು ನೋಡಿದರು. 1972ರಲ್ಲಿ ಮುಂಬಯಿಯ ಹುಡುಗರು ಕಟ್ಟಿದ ದಲಿತ ಪ್ಯಾಂಥರ್ ಸಂಘಟನೆಯ ಹೆಸರೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ನಿಂದ ಬಂದದ್ದು. ಸೋಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಚೀನಾಕ್ಕೆ ಹೋಗಿ, ಜಪಾನಿನ ದಾಳಿಯ ಎದುರು ಹೋರಾಡುತ್ತಿದ್ದ ಸೈನಿಕರ ಗಾಯಕ್ಕೆ ಮದ್ದು ಹಾಕುತ್ತ 1942ರಲ್ಲಿ ಅಲ್ಲೇ ಪ್ರಾಣ ಬಿಟ್ಟರು. ಜಗತ್ತಿನ ಜೊತೆ ಮಾತಾಡುವುದು ನಮ್ಮ ಸೀಮೆಗೆ ಹೊಸದಲ್ಲ. ಮರೆತದ್ದು ನಾವು.

ಸೋಲಾಪುರದ ನಾಲ್ಕು ಹುತಾತ್ಮರ ವಿಷಯವನ್ನೂ ಹೇಳಬೇಕು. ಪುತ್ಥಳಿ ಎಲ್ಲರಿಗೂ ಗೊತ್ತು, ರಿಕ್ಷಾದವರಿಗೆ ಅದು ಒಂದು ಸ್ಟಾಪು. ನಡೆದದ್ದು ಎಷ್ಟು ಜನರಿಗೆ ಗೊತ್ತು? 1930ರ ಮೇ 5ರಂದು ಗಾಂಧೀಜಿ ಬಂಧನದ ಸುದ್ದಿ ಬಂದ ಮೇಲೆ ಗಿರಣಿ ಕಾರ್ಮಿಕರು ಬೀದಿಗಿಳಿದರು. ಮೇ 8ರಂದು ಗೋಲಿಬಾರ್ ಆಯಿತು, ಶಂಕರ ಶಿವದಾರೆ ಎಂಬ ತರುಣ ಸತ್ತರು. ಜನ ಸಿಟ್ಟಿಗೆದ್ದರು, ಪೊಲೀಸ್ ಚೌಕಿಗೆ ಬೆಂಕಿ ಬಿತ್ತು, ಪೊಲೀಸರೂ ಸತ್ತರು. ಬ್ರಿಟಿಷ್ ಅಧಿಕಾರ ಊರು ಬಿಟ್ಟು ಹೊರಗೆ ಹೋಯಿತು. ಮೂರ್ನಾಲ್ಕು ದಿನ ಸೋಲಾಪುರವನ್ನು ಸೋಲಾಪುರದ ಜನ, ಕಾಂಗ್ರೆಸ್ ಸ್ವಯಂಸೇವಕರು ನಡೆಸಿದರು. ಮೇ 12ಕ್ಕೆ ಮಾರ್ಷಲ್ ಲಾ ಬಂತು, ಜೂನ್ ಕೊನೆಯವರೆಗೆ ಇತ್ತು. ಗಾಂಧಿ ಟೋಪಿ ಹಾಕಿದರೂ ಶಿಕ್ಷೆ. ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಅವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಲ್ಕು ಹೆಸರು ನಾಲ್ಕು ಸಮಾಜದ್ದು.

ಜನವರಿ 12ಕ್ಕೆ ಹಾರ ಹಾಕಿ ಬಂದುಬಿಡುತ್ತೇವೆ. ಆದರೆ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟಿವೆ! ಗಿರಣಿಯ ಕಾರ್ಮಿಕ ಯಾಕೆ ಇಳಿದ? ಅಹಿಂಸೆಯ ಹೋರಾಟದಲ್ಲಿ ಪೊಲೀಸರು ಸತ್ತದ್ದನ್ನು ಹೇಗೆ ನೋಡಬೇಕು? ಮೂರು ದಿನ ಸರಕಾರವಿಲ್ಲದೆ ಊರು ಹೇಗೆ ನಡೆಯಿತು? ವಸಾಹತು ದೇಶದ ಹಿಂಸೆ-ಪ್ರತಿಹಿಂಸೆಯ ಬಗ್ಗೆ ಫ್ಯಾನನ್ ಬರೆದದ್ದನ್ನು ಒಂದು ಕಡೆ, ಸ್ವತಂತ್ರ ದೇಶದಲ್ಲಿ ರಕ್ತದ ದಾರಿ ಬಿಡಬೇಕು ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದನ್ನು ಇನ್ನೊಂದು ಕಡೆ ಇಟ್ಟು ಹತ್ತನೆಯ ತರಗತಿಯವರು ವಾದ ಮಾಡಲಿ. ಅದು ಅಭ್ಯಾಸ.

"ಕ್ರಾಂತಿ ಅಂದ್ರ ಬಂದೂಕು, ಹುಡುಗರು ಕೆಡ್ತಾರ" ಎಂದು ಹೆದರುವವರಿಗೆ ನಮ್ಮ ಉತ್ತರವೂ ಇದೇ. ಓದದವನೇ ಘೋಷಣೆಗೆ ಮರುಳಾಗುತ್ತಾನೆ. ಓದಿದವನಿಗೆ ಕ್ರಾಂತಿಗಳು ಹೇಗೆ ಕೆಟ್ಟವು ಎಂಬುದೂ ಗೊತ್ತಿರುತ್ತದೆ. ಮಾಸ್ತರ ನೈರೇರೆಯವರ ಕಾಲದಲ್ಲೇ 1970ರ ದಶಕದಲ್ಲಿ ರೈತರನ್ನು ಬಲವಂತದಿಂದ ಹೊಸ ಹಳ್ಳಿಗಳಿಗೆ ಎತ್ತಂಗಡಿ ಮಾಡಿದರು. ಜಿಂಬಾಬ್ವೆಯ ಮುಗಾಬೆ ಕೂಡ ಶಿಕ್ಷಕನೇ, ಹನ್ನೊಂದು ವರ್ಷ ಜೈಲಿನಲ್ಲಿದ್ದವನೇ. ಅಧಿಕಾರ ಸಿಕ್ಕ ಮೇಲೆ 2017ರವರೆಗೆ ಕುರ್ಚಿ ಬಿಡಲಿಲ್ಲ, ಎದುರು ಮಾತಾಡಿದವರನ್ನು ತುಳಿದ. ಇದನ್ನೂ ಕಲಿಸೋಣ.

ಕೊನೆಗೆ ಗಡಿಯ ಮಾತು. ಹೊಸ ದೇಶಗಳಲ್ಲಿ ಬಾವುಟ ಬದಲಾಗುತ್ತದೆ, ಬಿಳಿಯನ ಕುರ್ಚಿಯಲ್ಲಿ ಊರಿನ ದೊಡ್ಡವನು ಕೂಡುತ್ತಾನೆ, ರೈತನಿಗೆ ಅದೇ ಬಾಳು ಎಂದು ಫ್ಯಾನನ್ 1961ರಲ್ಲೇ ಎಚ್ಚರಿಸಿದ್ದರು. 1967ರ ಮಹಾಜನ ವರದಿಯಿಂದ ಇಂದಿನವರೆಗೆ ನಮ್ಮನ್ನು ಯಾವ ಬಾವುಟದ ಕೆಳಗೆ ನಿಲ್ಲಿಸಬೇಕು ಎಂಬ ಜಗಳ ನಡೆದೇ ಇದೆ. 2022ರ ಕೊನೆಯಲ್ಲಿ ಜತ್ತ, ಅಕ್ಕಲಕೋಟದ ಗಡಿ ಹಳ್ಳಿಗಳು ಸುದ್ದಿಯಾದವು. ಆ ಹಳ್ಳಿಗಳ ಜನ ಕೇಳಿದ್ದು ಏನು? ನೀರು, ರಸ್ತೆ, ಶಾಲೆ. ಎರಡೂ ಕಡೆಯ ನಾಯಕರು ಕೇಳಿಸಿಕೊಂಡದ್ದು ಏನು? ಬಾವುಟ. ಬೋರಿ ನದಿಗೆ ನಮ್ಮ ಕುರನೂರಿನಲ್ಲಿ ಅಣೆಕಟ್ಟಿದೆ. ಆ ನೀರು ಯಾರ ಹೊಲಕ್ಕೆ, ಯಾರ ನಳಕ್ಕೆ ಹೋಗುತ್ತದೆ ಎಂಬುದು ಕನ್ನಡ-ಮರಾಠಿ ಪ್ರಶ್ನೆಯಲ್ಲ, ಆದರೆ ಕನ್ನಡದ ಹುಡುಗನೂ ಮರಾಠಿಯ ಹುಡುಗನೂ ಸೇರಿ ಕೇಳಬೇಕಾದ ಪ್ರಶ್ನೆ.

2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರಕಾರ ಒಂದನೆಯ ತರಗತಿಯಿಂದ ಹಿಂದಿ ಎಂದಾಗ ಇಡೀ ರಾಜ್ಯ ಸಿಡಿದೆದ್ದಿತು. ಸಣ್ಣ ಮಗುವಿನ ಮೇಲೆ ಬೇರೆ ಭಾಷೆ ಹೇರಬೇಡಿ, ತಾಯಿನುಡಿಯೇ ಮೊದಲು ಎಂದರು. ಜೂನ್ 29ರಂದು ಆದೇಶ ಹಿಂದಕ್ಕೆ ಹೋಯಿತು. ನಮಗೂ ಸಂತೋಷವೇ. ಆದರೆ ಸ್ವಾಮಿ, ಆ ವಾದವನ್ನು ಅರ್ಧಕ್ಕೆ ನಿಲ್ಲಿಸಬೇಡಿ! ಮರಾಠಿ ಮಗುವಿಗೆ ಯಾವುದು ನ್ಯಾಯವೋ ಅದು ಅಕ್ಕಲಕೋಟದ ಕನ್ನಡ ಮಗುವಿಗೂ ನ್ಯಾಯ, ಬೆಳಗಾವಿಯ ಮರಾಠಿ ಮಗುವಿಗೂ ನ್ಯಾಯ, ಕಾಸರಗೋಡಿನ ಕನ್ನಡ ಮಗುವಿಗೂ ನ್ಯಾಯ. ನಾವು ಮರಾಠಿ ಕಲಿಯುತ್ತೇವೆ, ಖುಷಿಯಿಂದ ಕಲಿಯುತ್ತೇವೆ. ಅದು ಫುಲೆಯವರ ಭಾಷೆ. ಕಲಿಯುವುದು ಬೇರೆ, ನಮ್ಮ ಶಾಲೆಗೆ ಕನ್ನಡ ಶಿಕ್ಷಕರ ಜಾಗ ತುಂಬದೆ ಸುಮ್ಮನಿರುವುದು ಬೇರೆ.

ಹಾಗಾದರೆ ಏನು ಮಾಡೋಣ? ದೊಡ್ಡ ಯೋಜನೆ ಬೇಡ. ತಿಂಗಳಿಗೆ ಒಂದು ಶನಿವಾರದ ಕೊನೆಯ ತಾಸು ಸಾಕು. ಒಂದು ತಿಂಗಳು ಅಕ್ಕರಮಾಶಿಯ ಆ ನಿಬಂಧದ ಪ್ರಸಂಗ, ಒಂದು ತಿಂಗಳು ಕಬ್ಬಿನ ಲೆಕ್ಕ, ಒಂದು ತಿಂಗಳು ಗೂಗಿಯವರ ಶಾಲೆ, ಒಂದು ತಿಂಗಳು ಸೋಲಾಪುರದ 1930. ವಿರುದ್ಧ ಮಾತಾಡುವ ಹುಡುಗನಿಗೆ ಮೊದಲ ಅವಕಾಶ.

ಇನ್ನೊಂದು ಕೆಲಸ ನಾವು ಮಾತ್ರ ಮಾಡಬಲ್ಲದ್ದು. ಗಡಿಯ ಕನ್ನಡ ಶಾಲೆಯ ಮಗುವಿಗೆ ಮರಾಠಿಯೂ ಬರುತ್ತದೆ, ಕನ್ನಡವೂ ಬರುತ್ತದೆ. ಬೆಂಗಳೂರಿನ ಹುಡುಗನಿಗೆ ಇಲ್ಲದ ಆಸ್ತಿ ಇದು. ಫುಲೆಯವರು 1855ರಲ್ಲಿ ಬರೆದ 'ತೃತೀಯ ರತ್ನ' ನಾಟಕದಲ್ಲಿ ಭಟ್ಟರ ಮಾತಿಗೆ ಮರುಳಾಗಿ ದುಡ್ಡು ಕಳೆದುಕೊಂಡ ರೈತ ದಂಪತಿ ಕೊನೆಗೆ ರಾತ್ರಿ ಶಾಲೆಗೆ ಓದಲು ಹೊರಡುತ್ತಾರೆ. ಒಂಬತ್ತನೆಯ ತರಗತಿಯವರು ಅದನ್ನು ಗುಂಪಾಗಿ ಕೂತು ನಮ್ಮ ಅಕ್ಕಲಕೋಟದ ಕನ್ನಡಕ್ಕೆ ತರಲಿ, ಗ್ಯಾದರಿಂಗ್‌ನಲ್ಲಿ ಆಡಲಿ. ಕುಣಿತದ ಸಿನೆಮಾ ಹಾಡು ಒಂದು ಕಡಿಮೆಯಾದರೆ ಗ್ಯಾದರಿಂಗ್ ಏನೂ ಕೆಡುವುದಿಲ್ಲ.

ಆ ನಾಟಕ ನೋಡಲು ಆ ತಂದ���ಯನ್ನು ಕರೆಯೋಣ. ಕನ್ನಡ ಕಲಿತು ಮುಂದೆ ಏನು ಮಾಡುತ್ತಾನೆ ಎಂದು ಕೇಳಿದ್ದನಲ್ಲ, ಅವನನ್ನು ಮುಂದಿನ ಸಾಲಿನಲ್ಲೇ ಕೂಡಿಸೋಣ. ಆಮೇಲೂ ಆತ ಮಗನನ್ನು ಹಳದಿ ಬಸ್ಸಿಗೆ ಹತ್ತಿಸಿದರೆ ಹತ್ತಿಸಲಿ, ಅದು ಅವನ ಹಕ್ಕು. ಆದರೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ ಎಂದು ಆತ ಹೇಳುವಂತಾಗಬಾರದು.

ನಿಮ್ಮ ಶಾಲೆಯಲ್ಲಿ ಯಾವ ಶನಿವಾರದಿಂದ ಶುರು ಮಾಡುತ್ತೀರಿ, ಹೇಳಿ.